ಗಾಯಕನ ಪಾತ್ರಕ್ಕೆ ಸಾಥಿದಾರ ಸಿಕ್ಕ ಬಗೆ: ನನ್ನ ಅನುಭವ

ಸಿನಿಮಾದ ಪಾತ್ರಗಳಿಗೆ ಜನರನ್ನು ಹುಡುಕಿಕೊಡುವುದು ನನ್ನ ಕಸುಬು. ಹದಿನಾಲ್ಕು ತಿಂಗಳ ಹುಡುಕಾಟದ ನಂತರ ಹೋದ ತಿಂಗಳು ಕರಾರಿಗೆ ಸಹಿ ಬಿತ್ತು. ಅರವತ್ತರ ದಶಕದ ಒಂದು ಕಪ್ಪುಬಿಳುಪು ಸಂಗೀತಪ್ರಧಾನ ಚಿತ್ರವನ್ನು ಕನ್ನಡ ಮತ್ತು ಮರಾಠಿಗಳಲ್ಲಿ ಮತ್ತೆ ತೆಗೆಯುವ ಯೋಜನೆ ಇದು. ಹೆಸರನ್ನು ಹೊರಗೆ ಬಿಡುವುದಿಲ್ಲವೆಂದು ನಿರ್ಮಾಪಕರಿಗೆ ಬರೆದುಕೊಟ್ಟಿದ್ದೇನೆ, ಊಹಿಸಬಲ್ಲವರು ಊಹಿಸಿಕೊಳ್ಳಲಿ. ನಾಯಕನದು ಗಾಯಕನ ಪಾತ್ರ, ಇಪ್ಪತ್ತರಿಂದ ಐವತ್ತರವರೆಗಿನ ವಯಸ್ಸು, ಒಂಬತ್ತು ಹಾಡು, ಅವುಗಳ ಪೈಕಿ ಆರರಲ್ಲಿ ಕ್ಯಾಮೆರಾ ಅವನ ಮುಖ ಬಿಟ್ಟು ಕದಲುವುದೇ ಇಲ್ಲ. ನಾನು ಆರಿಸಿಕೊಟ್ಟ ವ್ಯಕ್ತಿ ಈವರೆಗೆ ಬಣ್ಣ ಹಚ್ಚಿದವನೂ ಅಲ್ಲ, ಸ್ವಂತ ಸಂಗೀತ ಕಛೇರಿ ಕೊಟ್ಟವನೂ ಅಲ್ಲ, ಬೇರೆಯವರ ಕಛೇರಿಗೆ ಹಾರ್ಮೋನಿಯಂ ನುಡಿಸುವ ಸಾಥಿದಾರ. ಈ ಸುದ್ದಿಗೆ ಮುಂಬಯಿಯ ವರ್ಸೋವಾದಲ್ಲಿ, ಆಡಿಷನ್ನುಗಳು ನಡೆಯುವ ಆರಂನಗರದಲ್ಲಿ ನಕ್ಕವರೇ ಈಗ ಫೋನು ಮಾಡಿ ಹೇಗೆ ಸಾಧ್ಯವಾಯಿತೆಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದೇ ಮೇಲು.

ಇಂಥ ಪಾತ್ರಕ್ಕಿರುವ ಎರಡು ದಾರಿಗಳು ನಮ್ಮ ಕಸುಬಿನವರಿಗೆಲ್ಲ ಗೊತ್ತು: ನಟನಿಗೆ ಬೇರೆಯವರ ಕಂಠ ಕೊಡಿಸುವುದು, ಇಲ್ಲವೇ ಗಾಯಕನಿಗೆ ನಟನೆ ಕಲಿಸುವುದು. 2015ರಲ್ಲಿ ಬಂದ ಮರಾಠಿಯ ‘ಕಟ್ಯಾರ್ ಕಾಳಜಾತ್ ಘುಸಲಿ’ಯಲ್ಲಿ ಎರಡೂ ಒಟ್ಟಿಗೇ ಇದ್ದವು, ಶಂಕರ್ ಮಹಾದೇವನ್ ತಾವೇ ಹಾಡಿ ನಟಿಸಿದರು, ಸಚಿನ್ ಪಿಳಗಾಂವ್‌ಕರ್ ಅವರ ಖಾನ್‌ಸಾಹೇಬನಿಗೆ ರಾಹುಲ್ ದೇಶಪಾಂಡೆ ಕಂಠ ಕೊಟ್ಟರು. ನಮ್ಮ ನಿರ್ದೇಶಕರು ಮೊದಲ ಸಭೆಯಲ್ಲೇ ಈ ಚಿತ್ರವನ್ನು ಉದಾಹರಿಸಿದರೆ, ನಿರ್ಮಾಪಕರ ಕಡೆಯವರು 2021ರ ‘ವೆಸ್ಟ್ ಸೈಡ್ ಸ್ಟೋರಿ’ ಮರುನಿರ್ಮಾಣವನ್ನು ಉದಾಹರಿಸಿದರು. ಅಲ್ಲಿ ಬಹಿರಂಗ ಕರೆ ಕೊಟ್ಟು, ಮೂವತ್ತು ಸಾವಿರಕ್ಕೂ ಹೆಚ್ಚು ಜನರ ನಡುವಿನಿಂದ ಇನ್ನೂ ಶಾಲೆಯಲ್ಲಿದ್ದ ಹುಡುಗಿಯನ್ನು ನಾಯಕಿಯಾಗಿ ಆರಿಸಿದ್ದರು. ಆ ಮೂವತ್ತು ಸಾವಿರವನ್ನು ಸೋಸಲು ಅವರ ಬಳಿ ಎಷ್ಟು ಜನರಿದ್ದರು, ಎಷ್ಟು ಹಣವಿತ್ತು ಎಂದು ಕೇಳಬೇಕೆನಿಸಿತ್ತು. ಮುಂಗಡದ ಎರಡು ಲಕ್ಷದ ಚೆಕ್ಕು ಆಗಷ್ಟೇ ಜೇಬು ಸೇರಿದ್ದರಿಂದ ಕೇಳಲಿಲ್ಲ.

ಹಾಗಾಗಿ ಮೊದಲು ಬಹಿರಂಗ ಕರೆಯನ್ನೇ ಕೊಟ್ಟೆವು. ಮೂರು ವಾರಗಳಲ್ಲಿ ಜನ ತಾವೇ ಚಿತ್ರಿಸಿ ಕಳಿಸಿದ ಸಾವಿರದ ಒಂಬೈನೂರರಷ್ಟು ಸೆಲ್ಫ್ ಟೇಪ್‌ಗಳು ಬಂದವು. ತಿಂಗಳಿಗೆ ಇಪ್ಪತ್ತು ಸಾವಿರದಂತೆ ಇಬ್ಬರು ಸಹಾಯಕರನ್ನು ಮೂರು ತಿಂಗಳಿಗೆ ಇಟ್ಟುಕೊಂಡೆ, ಆರಂನಗರದ ಕೋಣೆಗೆ ದಿನಕ್ಕೆ ನಾಲ್ಕು ಸಾವಿರದಂತೆ ಸುಮಾರು ಇಪ್ಪತ್ತು ದಿನ ಬಾಡಿಗೆ ಕಟ್ಟಿದೆ. ಮುಂಗಡ ಅಲ್ಲಿಗೇ ಮುಗಿಯಿತು. ಬಂದವರಲ್ಲಿ ಮುಕ್ಕಾಲು ಪಾಲು ಜನ ಮೂಲ ಚಿತ್ರದ ಒಂದೇ ಹಾಡನ್ನು, ಮೂಲ ನಟರ ಅದೇ ಕತ್ತಿನ ಓರೆಯೊಂದಿಗೆ ಹಾಡಿ ಕಳಿಸಿದ್ದರು. ಉಳಿದವರಲ್ಲಿ ನಲವತ್ತು ಜನರನ್ನು ಕರೆಸಿ ಏಳು ಜನರನ್ನು ಮತ್ತೊಮ್ಮೆ ಕರೆಸಿದೆವು. ಆ ಏಳು ಹೆಸರುಗಳೂ ಈಗ ನನಗೆ ನೆನಪಿಲ್ಲ. ಸುತ್ತಿನ ಯೋಗ್ಯತೆಯನ್ನು ಅದೇ ಹೇಳುತ್ತದೆ.

ಅಷ್ಟರಲ್ಲಿ ನಿರ್ಮಾಪಕರ ಕಡೆಯಿಂದ ಟೀವಿಯ ಹಾಡಿನ ಸ್ಪರ್ಧೆಯೊಂದರಲ್ಲಿ ಗೆದ್ದು ಬಂದಿದ್ದ ಹುಡುಗನ ಹೆಸರು ಬಂತು. ಒಳ್ಳೆಯ ಕಂಠ, ಚೆಂದದ ಮುಖ, ಹಿಂಬಾಲಕರ ದೊಡ್ಡ ಸಂಖ್ಯೆ. ನಾನೂ ಒಪ್ಪಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮಢ್‌ನ ಬಂಗಲೆಯೊಂದರಲ್ಲಿ ಒಂದು ದಿನದ ಮಾಕ್ ಶೂಟ್, ಎಂದರೆ ಪರೀಕ್ಷೆಗಾಗಿ ಚಿತ್ರೀಕರಣ, ಇಟ್ಟುಕೊಂಡೆವು. ಮೂವತ್ತೈದು ಸಾವಿರದ ವಿಗ್ಗೂ ಸೇರಿ ನಾಲ್ಕೂವರೆ ಲಕ್ಷ ಖರ್ಚಾಯಿತು. ಹಾಡಿನ ದೃಶ್ಯಗಳು ಸಲೀಸಾಗಿ ಮುಗಿದವು. ಮಧ್ಯಾಹ್ನದ ಊಟದ ನಂತರ, ಗುರು ಹಾಡುತ್ತಿರುವಾಗ ಶಿಷ್ಯ ತಂಬೂರಿ ಹಿಡಿದು ಕುಳಿತಿರುವ ದೃಶ್ಯವನ್ನು ತೆಗೆಯಲು ಹೋದಾಗ ಎಲ್ಲವೂ ಕೆಟ್ಟಿತು. ಮಾತಿಲ್ಲದ ನಾಲ್ಕು ನಿಮಿಷ. ಆ ಹುಡುಗನ ಮುಖದಲ್ಲಿದ್ದುದು ತನ್ನ ಸರದಿ ಯಾವಾಗ ಬರುತ್ತದೆಂಬ ಕಾತರ ಒಂದೇ. ಹನ್ನೊಂದು ಟೇಕ್ ಆದವು. ಹನ್ನೊಂದರಲ್ಲೂ ಗುರುವಿನ ಆಲಾಪ ಮುಗಿಯುವ ಮೊದಲೇ ಅವನ ಗಂಟಲು ಹಾಡಲು ಸಿದ್ಧವಾಗಿ ಉಬ್ಬಿರುತ್ತಿತ್ತು. ಅವನ ತಪ್ಪೇನೂ ಇಲ್ಲ, ಸ್ಪರ್ಧೆಗಳಲ್ಲಿ ಬೆಳೆದ ಕಂಠಕ್ಕೆ ಬೇರೆಯವರ ಹಾಡೆಂದರೆ ತನ್ನ ಹಾಡಿನ ಮುಂಚಿನ ಹೊತ್ತು ಅಷ್ಟೇ.

ಆಮೇಲೆ ಹಿಡಿದದ್ದು ರಂಗಭೂಮಿಯ ನಟನೊಬ್ಬನನ್ನು. ನಟನೆಯಲ್ಲಿ ಅವನನ್ನು ಮೀರಿಸುವವರು ಈ ಊರಿನಲ್ಲಿ ಕಡಿಮೆ. ಕೇಳುವ ದೃಶ್ಯವನ್ನು ಎರಡನೆಯ ಟೇಕಿಗೇ ಮುಗಿಸಿದ; ಆದರೆ ಹಾಡಿನಲ್ಲಿ ಉಸಿರು ಸಿಕ್ಕಸಿಕ್ಕಲ್ಲಿ ತೆಗೆದುಕೊಳ್ಳುತ್ತಿದ್ದ. ಒಂದು ಪಾಠಕ್ಕೆ ಒಂದೂವರೆ ಸಾವಿರದಂತೆ ಐವತ್ತಕ್ಕೂ ಹೆಚ್ಚು ಪಾಠ ಹೇಳಿಸಿದೆ, ಅದರಲ್ಲಿ ಅರ್ಧ ನನ್ನ ಕೈಯಿಂದಲೇ ಹೋಯಿತು. ನಂತರ ತೆಗೆದ ತುಣುಕನ್ನು ಮಾಟುಂಗಾದಲ್ಲಿ ಶನಿವಾರದ ಭಜನೆಗೆ ಸೇರುವ ನಮ್ಮ ಕನ್ನಡದ ಹೆಂಗಸರಿಗೆ, ಯಾವುದಕ್ಕೆಂದು ಹೇಳದೆ ತೋರಿಸಿದೆ. ಅವರಲ್ಲಿ ಹಿರಿಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು ನೋಡಿ, “ಇವನು ಹಾಡ್ತಾ ಇಲ್ಲ ಮಾರಾಯ, ಜಗಿತಾ ಇದ್ದಾನೆ” ಎಂದರು. ನಾನೂ ಸಂಗೀತ ನಿರ್ದೇಶಕರೂ ಹತ್ತು ವಾರ ಕೂತು ಕಾಣದೆ ಇದ್ದದ್ದು ಆಕೆಗೆ ಅರ್ಧ ನಿಮಿಷದಲ್ಲಿ ಕಂಡಿತ್ತು.

ಆ ದಿನ ರಾಮನಾಯಕರ ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಸರದಿ ಕಾಯುತ್ತ ನಿಂತಿದ್ದಾಗ, ಅಕ್ಕಪಕ್ಕದವರಿಗೆ ತೊಂದರೆಯಾಗದಿರಲೆಂದು ಫೋನಿನ ಶಬ್ದ ಪೂರ್ತಿ ತೆಗೆದು ಹಳೆಯ ತುಣುಕುಗಳನ್ನು ಮತ್ತೊಮ್ಮೆ ನೋಡಿದೆ. ದನಿ ಹೋದ ಮೇಲೆ ಸುಳ್ಳುಗಳೆಲ್ಲ ತಾವಾಗಿ ಎದ್ದು ಕಂಡವು. ರಾಜ್‌ಕುಮಾರ್ ಅವರ ವಿಷಯವೂ ಅಲ್ಲೇ ನಿಂತು ಹೊಳೆಯಿತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ನಿಂದ ಅವರು ತಾವೇ ಹಾಡತೊಡಗುವ ಮೊದಲು ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸರ ಕಂಠ ಅವರ ಬಾಯಿಗೆ ಹೊಂದಿಕೊಂಡಿತ್ತಲ್ಲ, ಅದಕ್ಕೆ ಎರಡು ದನಿಗಳ ಹೋಲಿಕೆಯೇ ಕಾರಣವೆಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಗುಬ್ಬಿ ಕಂಪನಿಯ ರಂಗದ ಮೇಲೆ ಹಾಡಿ ಬೆಳೆದ ಮನುಷ್ಯನಿಗೆ ಎರವಲು ಹಾಡಿನ ಉಸಿರು ಎಲ್ಲಿ ಏಳುತ್ತದೆ, ಎಲ್ಲಿ ಕೂರುತ್ತದೆ ಎಂಬುದು ಮೈಗೆ ಗೊತ್ತಿತ್ತು ಎಂಬುದೇ ದೊಡ್ಡ ಕಾರಣವೆಂದು ಈಗ ನನಗನಿಸುತ್ತದೆ. ಹಾಗಿದ್ದರೆ ನನಗೆ ಬೇಕಾದವನು ಬೇರೊಬ್ಬನ ಹಾಡನ್ನು ಮೈಯಿಂದ ಕೇಳಬಲ್ಲವನು. ಕಂಠ ಎರಡನೆಯ ಮಾತು.

ಅಲ್ಲಿಂದ ಆಡಿಷನ್ನಿನ ಕ್ರಮವನ್ನೇ ಬದಲಿಸಿದೆ. ಮೊದಲ ಸುತ್ತಿನಲ್ಲಿ ಅಭ್ಯರ್ಥಿ ಹಾಡುವುದೂ ಇಲ್ಲ, ಮಾತಾಡುವುದೂ ಇಲ್ಲ. ಕ್ಯಾಮೆರಾದ ಪಕ್ಕದಲ್ಲಿ ಗಾಯಕರೊಬ್ಬರು ಕುಳಿತು ನಾಲ್ಕು ನಿಮಿಷ ತೋಡಿ ರಾಗದ ಆಲಾಪ ಮಾಡುತ್ತಾರೆ, ಅಭ್ಯರ್ಥಿ ಕೇಳುತ್ತಾನೆ; 85 ಎಂ.ಎಂ. ಲೆನ್ಸಿನಲ್ಲಿ ಎದೆಯಿಂದ ಮೇಲೆ ಚೌಕಟ್ಟು, ಮತ್ತೊಂದು ಸಣ್ಣ ಕ್ಯಾಮೆರಾ ಕೈಗಳ ಮೇಲೆ. ಎರಡನೆಯ ಸುತ್ತಿನಲ್ಲಿ ಅವನು ವಿಲಂಬಿತ, ಎಂದರೆ ನಿಧಾನಗತಿಯ, ಏಕತಾಲದ ಬಂದಿಶ್ (ಹಾಡು) ಒಂದಕ್ಕೆ ಪ್ಲೇಬ್ಯಾಕಿನ ಮೇಲೆ ತುಟಿ ಕೊಡುತ್ತಾನೆ; ಆ ತುಣುಕಿನ ಶಬ್ದ ತೆಗೆದು ತಬಲಾದವರೊಬ್ಬರಿಗೆ ತೋರಿಸಿ, ತಾಳದ ಪ್ರತಿ ಆವರ್ತನದ ಮೊದಲ ಮಾತ್ರೆಯಾದ ಸಮ್ ಎಲ್ಲಿ ಬಿತ್ತೆಂದು ಬರಿಯ ಮುಖ ನೋಡಿಯೇ ಕೈ ತಟ್ಟಲು ಹೇಳುತ್ತೇನೆ. ತಬಲಾದವರ ಚಪ್ಪಾಳೆ ಸರಿಯಾದ ಮಾತ್ರೆಗೆ ಬಿದ್ದರೆ ಅಭ್ಯರ್ಥಿ ಪಾಸು. ಮೂರನೆಯ ಸುತ್ತು ಏನೆಂಬುದನ್ನು ಬರೆಯುವುದಿಲ್ಲ. ಅದು ಹತ್ತು ನಿಮಿಷದ, ಒಂದು ಲೋಟ ಬಿಸಿನೀರಿನ ಕೆಲಸ ಎಂದಷ್ಟೇ ಹೇಳಬಲ್ಲೆ. ಇನ್ನೂ ಹತ್ತು ವರ್ಷ ನನ್ನ ಹೊಟ್ಟೆಪಾಡು ಅದರಿಂದ ನಡೆಯಬೇಕಾಗಿದೆ.

ಈ ನಡುವೆ ಬೇಡದ ಪ್ರಯೋಗಗಳನ್ನೂ ಮಾಡಿದೆ. ಸ್ಲೋ ಮೋಷನ್ ಹಾಡಿಗೆ ನಾವು ಸೆಕೆಂಡಿಗೆ 48 ಫ್ರೇಮಿನಲ್ಲಿ, ಎಂದರೆ ಮಾಮೂಲಿನ ಇಮ್ಮಡಿಯಲ್ಲಿ, ತೆಗೆಯುತ್ತ ಹಾಡನ್ನು ಇಮ್ಮಡಿ ವೇಗದಲ್ಲಿ ಹಾಕುತ್ತೇವಲ್ಲ, ಅದನ್ನೇ ಪರೀಕ್ಷೆಯಾಗಿಸಿ ನೋಡಿದೆ. ಸಾಲು ಬಾಯಿಪಾಠ ಮಾಡಿದವರು ಎರಡನೆಯ ಆವರ್ತನಕ್ಕೇ ಎಡವಿದರು, ಲಯ ಬಲ್ಲವರು ನಗುತ್ತ ದಾಟಿದರು. ಉಪಯೋಗವಿದೆ, ಆದರೆ ಅಭ್ಯರ್ಥಿಗಳಿಗೆ ಅವಮಾನವಾದಂತೆ ಅನಿಸುತ್ತದೆಂದು ಕೈಬಿಟ್ಟೆ. ಮುಂಬಯಿಯಲ್ಲಿ ಯಕ್ಷಗಾನಕ್ಕೇನೂ ಕೊರತೆಯಿಲ್ಲವಾದ್ದರಿಂದ ಹಾಡುತ್ತ ಇಡೀ ಆಟವನ್ನು ನಡೆಸುವ ಭಾಗವತರೊಬ್ಬರನ್ನೂ ಕರೆಸಿದೆ. ಅದ್ಭುತವಾದ ಮುಖ; ಆದರೆ ಭಾಗವತರೇ ಮೊದಲನೆಯ ವೇಷ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಚೌಕಟ್ಟಿನೊಳಗೆ ಅವರು ಶಿಷ್ಯನಂತೆ ಕುಳಿತಿದ್ದರೂ ಹಾಡುತ್ತಿದ್ದ ಗುರುವನ್ನು ಅವರೇ ಕುಣಿಸುತ್ತಿರುವಂತೆ ಕಾಣುತ್ತಿತ್ತು. ನನಗಂತೂ ಬಹಳ ಖುಷಿಯಾಯಿತು, ನಿರ್ದೇಶಕರಿಗೆ ಆಗಲಿಲ್ಲ.

ಪುಣೆಗೆ ಇಪ್ಪತ್ತಕ್ಕೂ ಹೆಚ್ಚು ಸಲ ಹೋಗಿಬಂದೆ. ಬಸ್ಸು, ರಿಕ್ಷಾ, ಊಟ ಎಲ್ಲ ಸೇರಿ ನಲವತ್ತು ಸಾವಿರವಾದರೂ ಆಗಿರಬೇಕು. ನಿರ್ಮಾಪಕರ ಆಫೀಸು ಅದರಲ್ಲಿ ಹನ್ನೆರಡು ಸಾವಿರದ ಬಿಲ್ಲುಗಳನ್ನು ಮಾತ್ರ ಒಪ್ಪಿತು. ಡಿಸೆಂಬರಿನ ಒಂದು ಸಂಜೆ ಸದಾಶಿವ ಪೇಟೆಯ ಮನೆಯೊಂದರ ಬೈಠಕ್ಕಿಗೆ, ಎಂದರೆ ಮನೆಯೊಳಗಿನ ಕಛೇರಿಗೆ, ಯಾರೋ ಹೇಳಿದ ಯುವ ಗಾಯಕನನ್ನು ನೋಡಲು ಹೋಗಿದ್ದೆ. ಅವನು ಚೆನ್ನಾಗಿಯೇ ಹಾಡಿದ, ನನ್ನ ಕೆಲಸಕ್ಕೆ ಬರುವವನಲ್ಲ. ಆದರೆ ಹಾಡು ಮಧ್ಯಲಯಕ್ಕೆ, ನಡುವಿನ ವೇಗಕ್ಕೆ, ಬರುವಷ್ಟರಲ್ಲಿ, ನನ್ನ ಫೋನು ಅರಿವಿಲ್ಲದೆಯೇ ಪಕ್ಕದ ಹಾರ್ಮೋನಿಯಮ್ಮಿನವನ ಕಡೆ ತಿರುಗಿತ್ತು. ಅವನು ಪೆಟ್ಟಿಗೆಯನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಗಾಯಕನ ಬಾಯಿಯ ಮೇಲೆ, ಗಾಯಕ ಉಸಿರು ಎಳೆಯುವ ಕ್ಷಣಕ್ಕೆ ಸರಿಯಾಗಿ ಇವನ ಎದೆಯೂ ಏಳುತ್ತಿತ್ತು. ರಾತ್ರಿಯ ಶಿವನೇರಿ ಬಸ್ಸಿನಲ್ಲಿ ದಾದರಿಗೆ ಬರುವವರೆಗೂ ಆ ಆರು ನಿಮಿಷವನ್ನು ಶಬ್ದವಿಲ್ಲದೆ ಎಷ್ಟು ಸಲ ನೋಡಿದೆನೋ, ಲೋಣಾವಳಾ ದಾಟುವಾಗ ಬ್ಯಾಟರಿ ಕೆಂಪಾಗಿತ್ತು.

ಧಾರವಾಡದ ಕಡೆಯವನು, ಮೂವತ್ತನಾಲ್ಕು ವರ್ಷ, ಪುಣೆಯ ಕೋಥ್ರೂಡಿನಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಪಾಠ ಹೇಳುತ್ತಾನೆ. ನಾನು ವಿಷಯ ಹೇಳಿದಾಗ, “ನಾನು ಪೆಟ್ಟಿಗಿ ಬಾರ್ಸಾಂವ್ರೀ, ನನ್ನ ಮುಖಾ ಯಾರ ನೋಡ್ತಾರ?” ಎಂದು ನಕ್ಕುಬಿಟ್ಟ. ಮೂರು ಸಲ ಹೋಗಿ ಚಹಾ ಕುಡಿದ ಮೇಲೆ ಮುಂಬಯಿಗೆ ಬಂದ. ತೋಡಿಯ ಸುತ್ತಿನಲ್ಲಿ ಅವನ ಮುಂದೆ ಪೆಟ್ಟಿಗೆ ಇರಲಿಲ್ಲ. ಬಲಗೈಯ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಸ್ವರ ಒತ್ತುತ್ತ ಹೋದವು. ಗಾಯಕರು ಇಳಿದು ಬಂದು ಗಾಂಧಾರದ, ‘ಗ’ ಸ್ವರದ, ಮೇಲೆ ನಿಂತಾಗ ಮಾತ್ರ ಅವನ ಒಂದು ಬೆರಳು ಮೇಲಕ್ಕೆದ್ದು ಗಾಳಿಯಲ್ಲೇ ನಿಂತಿತು, ಹುಬ್ಬು ಕೂದಲೆಳೆಯಷ್ಟು ಮುದುಡಿತು. ತೋಡಿಯ ಅಷ್ಟು ಇಳಿದ ಗಾಂಧಾರ ಹಾರ್ಮೋನಿಯಮ್ಮಿನ ಯಾವ ಪಟ್ಟಿಯಲ್ಲೂ ಇಲ್ಲ, ಅದು ಎರಡು ಪಟ್ಟಿಗಳ ನಡುವೆ ಬೀಳುತ್ತದೆ. ವರ್ಷಗಟ್ಟಲೆ ಆ ಜಾಗದಲ್ಲಿ ಕೈ ಎತ್ತಿ ಸುಮ್ಮನಿದ್ದು ಕೇಳಿದ ಅಭ್ಯಾಸ ಅದು. ಸಿಗದ ಸ್ವರವೊಂದನ್ನು ಪಕ್ಕದಲ್ಲೇ ಕುಳಿತು ಕೇಳುವವನ ಮುಖವೇ ನಮ್ಮ ಚಿತ್ರದ ನಾಯಕನ ಮುಖ. ತಬಲಾದವರು ಎಂಟು ಆವರ್ತನಗಳಲ್ಲಿ ಏಳಕ್ಕೆ ಸರಿಯಾಗಿ ಕೈ ತಟ್ಟಿದರು.

ನಿರ್ಮಾಪಕರ ಆಫೀಸಿನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಯಾರೋ “ನಾಟ್ ಫಿಟ್” ಎಂದು ಬರೆದರು. ಹೊಟ್ಟೆ ಇದೆ, ಹಲ್ಲಿಗೆ ಕವಳದ ಕಲೆ ಇದೆ, ಹೆಸರಿಲ್ಲ ಎಂಬ ಆಕ್ಷೇಪಗಳೆಲ್ಲ ನಿಜವೇ. ನಾನು ಹಟ ಹಿಡಿದು, ಐದು ಜನರ ತುಣುಕುಗಳನ್ನು ಹೆಸರಿಲ್ಲದೆ, ಶಬ್ದವಿಲ್ಲದೆ ಅದೇ ಭಜನೆಯ ಹೆಂಗಸರಿಗೆ ನಿರ್ದೇಶಕರ ಎದುರೇ ತೋರಿಸಿದೆ. ಹದಿನಾಲ್ಕು ಜನರಲ್ಲಿ ಹನ್ನೊಂದು ಜನ ಅವನ ಕಡೆ ಬೆರಳು ತೋರಿಸಿದರು. ಜಗಿಯುತ್ತಿದ್ದಾನೆ ಎಂದಿದ್ದ ಹಿರಿಯರು ಈ ಸಲ ಏನನ್ನೂ ಹೇಳದೆ, ಮುಂದಿನ ತುಣುಕು ಹಾಕಲು ಹೋದ ನನ್ನ ಕೈಯನ್ನು ತಡೆದರು. ನಿರ್ದೇಶಕರು ಪಾತ್ರದ ವೇಷದಲ್ಲಿ ಅವನು ಹೇಗೆ ಕಾಣುತ್ತಾನೆಂದು ನೋಡುವ ಲುಕ್ ಟೆಸ್ಟಿಗೆ ದಿನ ಕೊಟ್ಟದ್ದು ಅದರ ನಂತರ.

ಇಪ್ಪತ್ತರ ವಯಸ್ಸಿಗೆ ಮಾತ್ರ ಅವನು ಒಗ್ಗಲಿಲ್ಲ, ಒಂಬತ್ತು ಕಿಲೋ ಇಳಿಸಿದ ಮೇಲೂ. ಮೊದಲ ಹನ್ನೆರಡು ನಿಮಿಷಗಳಿಗೆ ಬೇರೆ ಹುಡುಗನನ್ನು ಹಾಕಿದ್ದೇವೆ, ಆ ಹುಡುಗನ ಕಿವಿಯ ಆಕಾರ ಇವನದಕ್ಕೆ ಹೊಂದುವುದಿಲ್ಲ, ನೋಡುವವರು ಕ್ಷಮಿಸಬೇಕು. ಕಂಠ ಯಾರದೆಂಬುದು ಇನ್ನೂ ತೀರ್ಮಾನವಾಗಿಲ್ಲ, ನನ್ನ ಕೆಲಸವೂ ಅದಲ್ಲ.

ಹಣದ ವಿಷಯ: ಮೊದಲು ಯೋಚಿಸಿದ್ದ ಹೆಸರಾಂತ ನಟನ ಮ್ಯಾನೇಜರು ಕೇಳಿದ್ದು ಒಂದೂಮುಕ್ಕಾಲು ಕೋಟಿ, ಇವನಿಗೆ ಮಾತಾದದ್ದು ಒಂಬತ್ತು ಲಕ್ಷ, ಅದನ್ನೂ ನಾನು ಜಗಳವಾಡಿ ಆರರಿಂದ ಏರಿಸಿದ್ದು. ನನ್ನ ಸಂಭಾವನೆಯ ಏಳು ಲಕ್ಷದಲ್ಲಿ ಎರಡನೆಯ ಕಂತು ಐದು ತಿಂಗಳು ತಡವಾಗಿ ಬಂತು, ಕೈಯಿಂದ ಹೋದ ಒಂದೂವರೆ ಲಕ್ಷಕ್ಕೆ ಲೆಕ್ಕವೇ ಇಲ್ಲ. ಅವನು ತನ್ನ ಕಡೆಯಿಂದ ಕರಾರಿನಲ್ಲಿ ಹಾಕಿಸಿದ ಷರತ್ತು ಒಂದೇ: ಮಂಗಳವಾರ ಸಂಜೆಯ ಮಕ್ಕಳ ಪಾಠ ತಪ್ಪಬಾರದು. ಹೀಗಾಗಿ ಬುಧವಾರದ ಕಾಲ್ ಶೀಟಿನಲ್ಲಿ ನಾಯಕನ ಹೊತ್ತು ಎಲ್ಲರಿಗಿಂತ ತಡವಾಗಿದೆ. ಬೆಳಿಗ್ಗೆ ಏಳೂಕಾಲಿಗೆ ಪುಣೆ ಬಿಡುವ ಡೆಕ್ಕನ್ ಕ್ವೀನ್ ದಾದರಿಗೆ ಬಂದ ಮೇಲೆ ಅವನನ್ನು ಕರೆತರಲು ಗಾಡಿ ಹೋಗುತ್ತದೆ, ಮೇಕಪ್ ಹನ್ನೊಂದೂವರೆಗೆ.