ನಾಯಿ ಅಡ್ಮಿಟ್ ಆದಾಗ ಡಾಕ್ಟರಿಂದ ಸರಿಯಾದ ಉತ್ತರ ಪಡೆಯುವುದು ಹೇಗೆ?

‘ಡ್ರಿಪ್ ಹಾಕಿದ್ದೀವಿ, ಸ್ಟೇಬಲ್ ಇದೆ.’ ನಾಯಿಯನ್ನು ಕ್ಲಿನಿಕ್‌ನಲ್ಲಿ ಬಿಟ್ಟು ಬಂದವರಿಗೆ ಫೋನಿನಲ್ಲಿ ಸಿಗುವ ಉತ್ತರ ಎಷ್ಟೋ ಸಲ ಇಷ್ಟೇ. ನಮ್ಮ ಪಕ್ಕದ ಮನೆಯವರು ಉಣ್ಣೆ ಜ್ವರ (ಉಣ್ಣೆ ಹುಳ ಕಚ್ಚಿ ಬರುವ ಟಿಕ್ ಫೀವರ್) ಬಂದ ನಾಯಿಯನ್ನು ಅಡ್ಮಿಟ್ ಮಾಡಿ ಇದೇ ಮಾತು ಕೇಳುತ್ತಾ ಕೂತಿದ್ದರು. ಪ್ಲೇಟ್‌ಲೆಟ್ ತೀರಾ ಇಳಿದಿದೆ, ರಕ್ತ ಕೊಡಬೇಕಾಗಬಹುದು ಎಂದು ಯಾರೂ ಹೇಳಿರಲಿಲ್ಲ. ಬಿಲ್‌ನಲ್ಲಿ ‘ಕ್ರಾಸ್ ಮ್ಯಾಚಿಂಗ್’ (ಕೊಡುವ ರಕ್ತ ಹೊಂದುತ್ತದಾ ಅಂತ ನೋಡುವ ಟೆಸ್ಟ್) ಅನ್ನುವ ಸಾಲು ಕಂಡು, ಇದೇನು ಅಂತ ಕೇಳಿದಾಗಲೇ ಗೊತ್ತಾಗಿದ್ದು. ಸಿಟ್ಟು ಬರದೇ ಇರುತ್ತದಾ? ಆದರೆ ಕೌಂಟರ್‌ನಲ್ಲಿ ಕೂಗಾಡಿದರೆ ಮಾಹಿತಿ ಸಿಗುವುದಿಲ್ಲ. ಕೇಳಬೇಕಾದ್ದನ್ನು ಕೇಳಬೇಕಾದ ಹೊತ್ತಿಗೆ ಕೇಳಬೇಕು.

ಹೊರಡುವ ಮುಂಚೆ

ಕೊನೆಯದಾಗಿ ಊಟ ಮಾಡಿದ್ದು ಯಾವಾಗ, ವಾಂತಿ, ಭೇದಿ, ಮೂತ್ರ, ಕೊನೆಯ ಲಸಿಕೆ: ಇಷ್ಟನ್ನು ಬರೆದುಕೊಳ್ಳಿ. ಮನೆಯಲ್ಲಿದ್ದ ಮಾತ್ರೆ ಏನಾದರೂ ಕೊಟ್ಟಿದ್ದರೆ ಮುಚ್ಚಿಡಬೇಡಿ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ, ನಾಯಿಗೆ ಐಬುಪ್ರೊಫೆನ್ ಅಪಾಯ. ದಿನಾ ಊಟ ಹಾಕುವವರೇ ಜೊತೆಗೆ ಹೋಗಲಿ.

ಬಿಟ್ಟು ಬರುವಾಗ

ಜಾಸ್ತಿ ಜನ ಎಡವುವುದು ಇಲ್ಲೇ. ಬೆಲ್ಟನ್ನು ಅಟೆಂಡರ್ ಕೈಗೆ ಕೊಟ್ಟು, ಅಡ್ವಾನ್ಸ್ ಕಟ್ಟಿ, ಕಣ್ಣೊರೆಸಿಕೊಂಡು ಬಂದುಬಿಡುತ್ತೇವೆ. ಸ್ವಲ್ಪ ನಿಲ್ಲಿ. ಡಾಕ್ಟರ್ ಎದುರಿಗೆ ಇರುವಾಗಲೇ ಕೇಳಿ: ಯಾವ ಕಾಯಿಲೆಯ ಅನುಮಾನ ಇದೆ? ಅದನ್ನು ಖಚಿತ ಮಾಡುವ ಟೆಸ್ಟ್ ಯಾವುದು, ರಿಪೋರ್ಟ್ ಯಾವಾಗ? ರಾತ್ರಿ ಡಾಕ್ಟರ್ ಇರುತ್ತಾರಾ, ಅಥವಾ ಬಾಗಿಲು ಹಾಕಿಕೊಂಡು ಹೋಗುತ್ತಾರಾ? ಈ ಕೊನೆಯ ಪ್ರಶ್ನೆಗೆ ಸಂಕೋಚ ಬೇಡವೇ ಬೇಡ. ರಾತ್ರಿ ಯಾರೂ ಇಲ್ಲದ ಕ್ಲಿನಿಕ್‌ಗಳು ಬೇಕಾದಷ್ಟಿವೆ.

ದುಡ್ಡಿನ ಮಾತನ್ನೂ ಆಗಲೇ ಮುಗಿಸಿ. ‘ಇಷ್ಟು ರೂಪಾಯಿ ದಾಟುವ ಮುಂಚೆ ಫೋನ್ ಮಾಡಿ. ಜೀವಕ್ಕೆ ಅಪಾಯ ಅನ್ನಿಸಿದರೆ ನನಗಾಗಿ ಕಾಯಬೇಡಿ.’ ಈ ಎರಡೂ ವಾಕ್ಯ ಫೈಲಿನಲ್ಲಿ ಬರೆಸಿ.

‘ಆಮೇಲೆ ನಾವೇ ಫೋನ್ ಮಾಡ್ತೀವಿ’ ಅಂದರೆ ಒಪ್ಪಬೇಡಿ. ಆ ಫೋನ್ ಬರುವುದು ಕಡಿಮೆ. ‘ಬೆಳಗ್ಗೆ 11ಕ್ಕೆ ನಾನೇ ಮಾಡ್ತೀನಿ ಸಾರ್, ಯಾರ ಹತ್ತಿರ ಮಾತಾಡಲಿ?’ ಅಂತ ಹೆಸರು, ಹೊತ್ತು ಎರಡನ್ನೂ ಗೊತ್ತು ಮಾಡಿಕೊಳ್ಳಿ.

ಫೋನಿನಲ್ಲಿ

ಮನೆಯಿಂದ ಒಬ್ಬರೇ ಮಾತಾಡಿ. ಅಪ್ಪ ಒಂದು ಸಲ, ಮಗಳು ಇನ್ನೊಂದು ಸಲ ಮಾಡಿದರೆ ಇಬ್ಬರಿಗೂ ಬೇರೆ ಬೇರೆ ಉತ್ತರ ಸಿಗುತ್ತದೆ.

‘ಹೇಗಿದೆ?’ ಅಂತ ಕೇಳಬೇಡಿ. ‘ಪರವಾಗಿಲ್ಲ’ ಅನ್ನುತ್ತಾರೆ, ಮಾತು ಮುಗಿಯುತ್ತದೆ. ಜ್ವರ ಎಷ್ಟು ಡಿಗ್ರಿ ಅಂತ ಕೇಳಿ. ಆರೋಗ್ಯವಾಗಿರುವ ನಾಯಿಯ ಮೈ ಬಿಸಿಯೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಹಾಗಾಗಿ 102 ಅಂದ ಕೂಡಲೇ ಗಾಬರಿ ಬೇಡ. ತಾನಾಗಿ ತಿಂದಿತಾ, ಸಿರಿಂಜಿನಲ್ಲಿ ಹಾಕಿದರಾ? ಮೂತ್ರ ಮಾಡಿತಾ? ವಸಡು ಗುಲಾಬಿ ಬಣ್ಣಕ್ಕಿದೆಯಾ, ಬಿಳಿಚಿಕೊಂಡಿದೆಯಾ? ಉಣ್ಣೆ ಜ್ವರವಾದರೆ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳಲೇಬೇಕು. ಸಾಮಾನ್ಯವಾಗಿ 2 ಲಕ್ಷದಿಂದ 5 ಲಕ್ಷ ಇರುತ್ತದೆ. ಇವತ್ತಿನದೊಂದೇ ಸಾಲದು, ನಿನ್ನೆಯದೂ ಬೇಕು. ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದು ಆಗಲೇ. ಬರೆದುಕೊಂಡಿದ್ದನ್ನು ಅವರಿಗೇ ಒಮ್ಮೆ ಓದಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.

ಬರೆಯಲು ನೋಟ್‌ಬುಕ್ಕೇ ಇರಲಿ. ಔಷಧಿ ಕಂಪನಿಗಳು ಬಿಟ್ಟಿಯಾಗಿ ಹಂಚುವ ಲಸಿಕೆ ಪುಸ್ತಕದಲ್ಲಿ ಸ್ಟಿಕ್ಕರ್ ಅಂಟಿಸಲು ಜಾಗ ಇರುತ್ತದೆಯೇ ಹೊರತು ಇಷ್ಟೆಲ್ಲ ಬರೆಯಲು ಸಾಲುವುದಿಲ್ಲ. ರಿಪೋರ್ಟನ್ನು ವಾಟ್ಸಾಪ್ ಗುಂಪಿಗೆ ಹಾಕಿ ಅಲ್ಲಿ ಯಾರೋ ಹೇಳಿದ ಡೋಸ್ ಕೊಡುವ ಅಡ್ಡದಾರಿಯಂತೂ ಬೇಡ. ನಿಮ್ಮ ನಾಯಿಯ ತೂಕ ಅವರಿಗೆ ಗೊತ್ತಿಲ್ಲ.

ಮನೆಗೆ ಕರೆತರುವಾಗ

ಮಾತ್ರೆಯ ಹೆಸರು, ಎಷ್ಟು ಎಂಜಿ, ಎಷ್ಟು ದಿನ, ಊಟಕ್ಕೆ ಮುಂಚೆಯೋ ಆಮೇಲೋ ಎಲ್ಲವನ್ನೂ ಬಿಡಿಸಿ ಬರೆಸಿಕೊಳ್ಳಿ. ಉಣ್ಣೆ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಖಾಲಿ ಹೊಟ್ಟೆಗೆ ಹೋದರೆ ವಾಂತಿಯಾಗಬಹುದು. ಎಷ್ಟೋ ಸಲ ಇದನ್ನು ಹೇಳದೆ ಕಳಿಸುತ್ತಾರೆ, ಮನೆಯವರು ಕಾಯಿಲೆ ಮರುಕಳಿಸಿತು ಅಂದುಕೊಂಡು ಮಾತ್ರೆಯನ್ನೇ ನಿಲ್ಲಿಸುತ್ತಾರೆ.

ಇಷ್ಟೆಲ್ಲ ಕೇಳಿಯೂ ಉತ್ತರ ಸಿಗದಿದ್ದರೆ ಜಗಳ ಬೇಡ, ಕ್ಲಿನಿಕ್ ಬದಲಿಸಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಎಲ್ಲಿಗೇ ಹೋದರೂ ಹಳೆಯ ರಿಪೋರ್ಟ್, ಎಕ್ಸ್‌ರೇ, ಕೊಟ್ಟ ಇಂಜೆಕ್ಷನ್‌ಗಳ ಪಟ್ಟಿ ಕೇಳುತ್ತಾರೆ. ಬಾಕಿ ಹಣ ಕಟ್ಟುವಾಗಲೇ ಅವುಗಳ ಪ್ರತಿ ಕೇಳಿ ಪಡೆಯಿರಿ.