ಕಂಪನಿ ಕೋಡ್ ಕೊಡಲಿಲ್ಲ, ಕಾಟಾ ನಿಲ್ಲಲಿಲ್ಲ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಈಗ 22 ರೈಸ್ ಮಿಲ್‌ಗಳ ಲಾರಿ ಕಾಟಾ ನಾನು ಬರೆದ ಸಾಫ್ಟ್‌ವೇರ್ ಮೇಲೆ ನಡೆಯುತ್ತಿದೆ. "ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲಪಾ, ಹಳೇ ಸಾಫ್ಟ್‌ವೇರ್ ಕಂಪನಿಯವ್ರು ಕೋಡ್ ಬಿಡೋ ತನಕ ಸುಮ್ನಿರು" ಅಂದವರಲ್ಲಿ ಇಬ್ಬರು ಈಗ ನನ್ನ ಗಿರಾಕಿಗಳು. ಹೆಸರು ಹೇಳಲ್ಲ, ಇದನ್ನೂ ಓದುತ್ತಿರಬಹುದು.

ಕಾಟಾದ ಕೆಳಗಿನ ಲೋಡ್ ಸೆಲ್ ಭಾರ ಹಿಡಿಯುತ್ತೆ, ಇಂಡಿಕೇಟರ್ ಅದನ್ನು ತೂಕವಾಗಿ ತೋರಿಸುತ್ತೆ, ಸೀರಿಯಲ್ ಕೇಬಲ್ ಆ ತೂಕವನ್ನು ಕಂಪ್ಯೂಟರ್‌ಗೆ ಒಯ್ಯುತ್ತೆ. ಇದಕ್ಕಿಂತ ಜಾಸ್ತಿ ವಿವರಿಸಲು ಹೋಗುವುದಿಲ್ಲ. ಈ ಕೆಲಸದಲ್ಲಿ ಇರುವವರಿಗೆ ಅದೆಲ್ಲ ಗೊತ್ತು. ಎಲ್ಲಿ ಎಡವಿದೆ, ಎಷ್ಟು ದುಡ್ಡು ಹೋಯಿತು, ಅದನ್ನಷ್ಟೇ ಬರೆಯುತ್ತೇನೆ. ಅಂಕಿಗಳು ನೆನಪಿನವು, ಸ್ವಲ್ಪ ಆಚೀಚೆ ಇರಬಹುದು.

ನಾನು ಸರ್ವಿಸ್ ಮಾಡುತ್ತಿದ್ದ ಮಿಲ್‌ಗಳಲ್ಲಿ ಹೆಚ್ಚಿನವಕ್ಕೆ ಒಂದೇ ಹಳೇ ಸಾಫ್ಟ್‌ವೇರ್ ಇತ್ತು. ವಿಬಿ 6 ಅನ್ನೋ ಮೈಕ್ರೋಸಾಫ್ಟ್‌ನ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಒಳಗೆ ಲೆಕ್ಕ ಇಡಲು ಆಕ್ಸೆಸ್ ಡೇಟಾಬೇಸ್, ಸಿಪಿಯು ಹಿಂದೆ ಒಂದು ಯುಎಸ್‌ಬಿ ಡಾಂಗಲ್, ಅಂದರೆ ಸಾಫ್ಟ್‌ವೇರ್‌ಗೆ ಬೀಗದ ಕೈ. ಡಾಂಗಲ್ ಕೆಟ್ಟರೆ ಕಾಟಾ ಬಂದ್. 2020ರ ಕೊನೆಗೆ ಕಂಪನಿಯಿಂದ ಪತ್ರ ಬಂತು. ಈ ಸಾಫ್ಟ್‌ವೇರ್ ನಿಲ್ಲಿಸುತ್ತಿದ್ದೇವೆ, ಹೊಸ ಡಾಂಗಲ್ ಕೊಡುವುದಿಲ್ಲ, ಆದರೆ ಹಳೇ ಗಿರಾಕಿಗಳಿಗೆ ತೊಂದರೆ ಆಗಬಾರದು ಅಂತ ಮಾರ್ಚ್ ಒಳಗೆ ಸೋರ್ಸ್ ಕೋಡ್ (ಸಾಫ್ಟ್‌ವೇರ್ ಬರೆದ ಮೂಲ ಸಾಲುಗಳು) ಎಲ್ಲರಿಗೂ ಓಪನ್ ಮಾಡುತ್ತೇವೆ ಅಂತ. ಓದಿ ಖುಷಿಯಾಗಿ ಮಿಲ್ ಮಿಲ್‌ಗೂ ಹೋಗಿ ತೋರಿಸಿ ಬಂದೆ. ಯಾವ ವರ್ಷದ ಮಾರ್ಚ್ ಅಂತ ಅದರಲ್ಲಿ ಬರೆದಿರಲಿಲ್ಲ. ಅದು ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

2021ರ ಮಾರ್ಚ್ ಹೋಯಿತು. ಫೋನ್ ಮಾಡಿದರೆ "ಲಾಯರ್ ನೋಡ್ತಿದಾರೆ ಸರ್" ಅಂದರು. ಮುಂದಿನ ವರ್ಷ "ಕೋಡ್ ಕ್ಲೀನ್ ಮಾಡ್ತಿದೀವಿ" ಆಯಿತು. ಆಮೇಲೆ "ಅದನ್ನ ಬರೆದವ್ರು ಕೆಲಸ ಬಿಟ್ಟು ಹೋಗಿದಾರೆ" ಅಂತ ಬಂತು. ಕಾರಟಗಿಯ ಒಬ್ಬ ಸಾವ್ಕಾರ್ರು ನಾನು ಕಂಡಾಗಲೆಲ್ಲ ಒಂದೇ ಮಾತು: "ಏನಪಾ ತಮ್ಮಾ, ನಿನ್ನ ಮಾರ್ಚ್ ತಿಂಗಳಾ ಇನ್ನಾ ಬರ್ಲಿಲ್ಲೇನು?"

ಅವರ ಮಿಲ್‌ನಲ್ಲೇ 2022ರ ನವೆಂಬರ್‌ನಲ್ಲಿ ಡಾಂಗಲ್ ಸತ್ತಿತು. ಸುಗ್ಗಿ ಜೋರಾಗಿದ್ದ ಹೊತ್ತು, ಗೇಟಿನಿಂದ ರಸ್ತೆವರೆಗೆ ಟ್ರ್ಯಾಕ್ಟರ್ ಸಾಲು. ನಾಲ್ಕು ದಿನ ಗುಮಾಸ್ತರು ಇಂಡಿಕೇಟರ್ ನೋಡಿ ಕೈಯಲ್ಲೇ ಚೀಟಿ ಬರೆದರು. ಒಂದು ಲಾರಿಯ ಖಾಲಿ ತೂಕ ಇನ್ನೊಂದರ ಲೆಕ್ಕಕ್ಕೆ ಹೋಯಿತು. 75 ಕೆಜಿ ಚೀಲದ ಲೆಕ್ಕದಲ್ಲಿ ಹತ್ತಿರ ಹತ್ತಿರ 40 ಚೀಲ ಭತ್ತದ ವ್ಯತ್ಯಾಸ. ಆ ಜಗಳ ನನ್ನ ತಲೆಗೆ ಬಂತು. ಎಲ್ಲೋ ಒಂದು ಹಳೇ ಡಾಂಗಲ್ ಹುಡುಕಿ 14 ಸಾವಿರ ಕೊಟ್ಟು ತಂದೆ. ಮೊದಲು ಅದರ ಬೆಲೆ ಆರೂವರೆ ಸಾವಿರ.

ಕಾಯುವ ಕಾಲದಲ್ಲಿ ನಾನು ಇಂಥ ಕಥೆಗಳನ್ನೇ ಹುಡುಕಿ ಓದುತ್ತಿದ್ದೆ. ಇಂಟರ್ನೆಟ್ ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್‌ನವರು 1998ರ ಜನವರಿಯಲ್ಲಿ ಹೇಳಿ ಮಾರ್ಚ್ 31ಕ್ಕೆ ಕೋಡ್ ಬಿಟ್ಟೇ ಬಿಟ್ಟರು. ಅದೂ ಮಾರ್ಚೇ! ಆದರೆ ಬೇರೆ ಕಂಪನಿಗಳಿಂದ ತಂದು ಸೇರಿಸಿದ್ದ ಭಾಗಗಳನ್ನೆಲ್ಲ ಅವರು ಕಿತ್ತು ಹಾಕಬೇಕಾಯಿತು. ನಮ್ಮ ಕಂಪನಿಯ ಗೋಳೂ ಅದೇ ಅಂತ ನನಗೆ ಅಂದಾಜಾಯಿತು. ರಿಪೋರ್ಟ್ ಪ್ರಿಂಟ್ ಮಾಡುವ ಕಂಟ್ರೋಲ್ (ಸಿದ್ಧ ತುಣುಕು) ಬೇರೆಯವರದು, ಪಟ್ಟಿ ತೋರಿಸುವ ಗ್ರಿಡ್ ಇನ್ನೊಬ್ಬರದು, ಡಾಂಗಲ್ ಲೈಬ್ರರಿ ಮತ್ತೊಬ್ಬರದು. ತಮ್ಮದಲ್ಲದ್ದನ್ನ ಹೇಗೆ ಬಿಡುತ್ತಾರೆ?

3ಡಿ ಚಿತ್ರ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್‌ನ ಕಥೆ ಓದಿ ಮಾತ್ರ ತಲೆ ಕೆಟ್ಟಿತು. ಅದನ್ನು ಮಾಡುತ್ತಿದ್ದ ಕಂಪನಿ ಮುಚ್ಚಿತು. 2002ರಲ್ಲಿ ಜನ ಏಳೇ ವಾರದಲ್ಲಿ ಒಂದು ಲಕ್ಷ ಯೂರೋ ಕೂಡಿಸಿ, ಕೋಡ್ ಬಿಡಿಸಿಕೊಂಡು, ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಜಿಪಿಎಲ್ ಲೈಸೆನ್ಸ್‌ನಲ್ಲಿ ಹೊರಗೆ ತಂದರು. ನಾವ್ಯಾಕೆ ಮಾಡಬಾರದು ಅನ್ನಿಸಿತು. 2023ರ ಬೇಸಿಗೆಯಲ್ಲಿ ಮಿಲ್‌ಗಳನ್ನು ಸುತ್ತಿ ಪಟ್ಟಿ ಹಾಕಿದೆ. ಶ್ರೀರಾಮನಗರದಿಂದ ಸಿಂಧನೂರವರೆಗೆ 14 ಜನ "ಕೊಡ್ತೀವಿ" ಅಂದರು. ಬಾಯಿಮಾತಿನ ಲೆಕ್ಕ ಮೂರು ಲಕ್ಷ ಚಿಲ್ಲರೆ, ಕೈಗೆ ಬಂದದ್ದು 55 ಸಾವಿರ. ಕಂಪನಿ ಕೇಳಿದ್ದು 12 ಲಕ್ಷ. ಮಾತು ಅಲ್ಲಿಗೇ ಮುಗಿಯಿತು. 55 ಸಾವಿರವನ್ನೂ ವಾಪಸ್ ಕೊಟ್ಟೆ. ಪೆಟ್ರೋಲ್, ಊಟ ಅಂತ ನನ್ನ ಕೈಯಿಂದ ಹೋದದ್ದು ಒಂಬತ್ತು ಸಾವಿರ.

ಆ ವರ್ಷ ಮಳೆ ಕೈಕೊಟ್ಟಿತು. ತುಂಗಭದ್ರಾ ಎಡದಂಡೆಯಲ್ಲಿ ಎರಡನೇ ಬೆಳೆಗೆ ನೀರಿಲ್ಲ. 2024ರ ಶುರುವಿನಲ್ಲಿ ಮಿಲ್‌ಗಳೂ ಖಾಲಿ, ನಾನೂ ಖಾಲಿ. ಆಗ ಒಂದು ದಿನ ಮಧ್ಯಾಹ್ನ ಮಿಲ್ ಕ್ಯಾಬಿನ್‌ನಲ್ಲಿ ಸುಮ್ನೆ ಕೂತಾಗ ಹೊಳೆಯಿತು. ಮೂರು ವರ್ಷದಿಂದ ನಾನು ಕೋಡ್ ಕೋಡ್ ಅಂತ ಬಡಕೊಳ್ಳುತ್ತಿದ್ದೇನೆ. ನನಗೆ ಬೇಕಾದದ್ದು ಎರಡೇ: ಇಂಡಿಕೇಟರ್ ತಂತಿಯಲ್ಲಿ ಬರುವ ತೂಕ, ಮತ್ತು ಮಿಲ್‌ನವರ ಹಳೇ ಲೆಕ್ಕ. ತಂತಿ ನಮ್ಮ ಎದುರಿಗೇ ಇದೆ. ಲೆಕ್ಕ ಅವರ ಸ್ವಂತದ್ದು. ಕಂಪನಿ ಯಾಕೆ ಬೇಕು?

ಹೇಳಿದಷ್ಟು ಸುಲಭ ಇರಲಿಲ್ಲ ಬಿಡಿ. ಮೊದಲ ದಿನ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿದರೆ ಬರೀ ಕಸ. ಕೇಬಲ್‌ನ ವೇಗ 9600 ಇಟ್ಟೆ, 4800 ಇಟ್ಟೆ, ಅದೇ ಕಸ. ಎರಡು ದಿನ ಆದ ಮೇಲೆ ಗೊತ್ತಾಯಿತು, ಆ ಇಂಡಿಕೇಟರ್ 2400ರಲ್ಲಿ ಮಾತಾಡುತ್ತೆ, ಅಕ್ಷರ ಕಳಿಸುವ ರೀತಿಯೂ ಬೇರೆ: 7 ಬಿಟ್, ಈವನ್ ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಒಂದು ಬಿಟ್). ಸರಿಯಾಗಿ ಇಟ್ಟ ಕೂಡಲೇ ತೂಕ ನೀಟಾಗಿ ಸಾಲಾಗಿ ಇಳಿಯಿತು. ಇದನ್ನು ನೋಡಿ ಮಿಕ್ಕ ಮಿಲ್‌ಗಳೂ ಹೀಗೇ ಇರುತ್ತವೆ ಅಂದುಕೊಂಡೆ. ಅದು ಇನ್ನೊಂದು ತಪ್ಪು.

ಸಿದ್ದಾಪುರದ ಮಿಲ್‌ನಲ್ಲಿ ಲಾರಿ ನಿಂತಿದೆ, ಇಂಡಿಕೇಟರ್ ಮೇಲೆ 24,380 ಕೆಜಿ. ನನ್ನ ಸ್ಕ್ರೀನ್ ಮೇಲೆ 83,420. ಕಾಟಾ ಇರುವುದೇ 60 ಟನ್‌ನದು! ಗುಮಾಸ್ತರು ನಕ್ಕು ನಕ್ಕು ಸುಸ್ತಾದರು. "ಅಣ್ಣಾ, ನಿಮ್ ಸಾಫ್ಟ್‌ವೇರ್ ಬಂದ್ರ ಸಾವ್ಕಾರ್ರು ದಿವಾಳಿ" ಅಂದರು. ಖಾಲಿ ಲಾರಿ ಬಂದರೆ ಇನ್ನೂ ವಿಚಿತ್ರ ಅಂಕಿ. ಕೇಬಲ್ ಬದಲಿಸಿದೆ, ಅರ್ಥಿಂಗ್ ನೋಡಿದೆ, ಇಲಿ ಕಡಿದಿದೆಯಾ ಅಂತ ಪೈಪ್ ಪೂರ್ತಿ ಬಿಚ್ಚಿದೆ. ಒಂದು ವಾರ ಹೋಯಿತು. ಕೊನೆಗೆ ಒಂದು ರಾತ್ರಿ ಊಟಕ್ಕೆ ಕೂತಾಗ ಪೇಪರ್ ಮೇಲೆ ಬರೆದು ನೋಡಿದೆ. 024380 ಅನ್ನು ಹಿಂದಿನಿಂದ ಓದಿ: 083420. ಆ ಇಂಡಿಕೇಟರ್ ಅಂಕಿಗಳನ್ನು ಬಿಡಿ ಸ್ಥಾನದಿಂದ ಶುರು ಮಾಡಿ ತಿರುಗಾಮುರುಗಾ ಕಳಿಸುತ್ತಿತ್ತು. ತಿರುಗಿಸಲು ಬೇಕಾದದ್ದು ಒಂದೇ ಸಾಲು ಕೋಡ್. ಊಟ ಅಲ್ಲೇ ಬಿಟ್ಟು ಬರೆದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಂಡಿಕೇಟರ್ ಒಳಗೆ ಕೈ ಹಾಕಲೇಬೇಡಿ. ತೂಕ-ಅಳತೆ ಇಲಾಖೆಯವರು ಮುದ್ರೆ ಹಾಕಿದ ಸೀಲ್ ಒಡೆದರೆ ಸಾಫ್ಟ್‌ವೇರ್ ಅಲ್ಲ, ಮಿಲ್‌ನವರೇ ಸಿಕ್ಕಿಹಾಕಿಕೊಳ್ಳುತ್ತಾರೆ. ನಾನು ಹಿಂದಿನ ಪೋರ್ಟ್‌ನಿಂದ ಬಂದದ್ದನ್ನು ಓದುತ್ತೇನೆ, ಅಷ್ಟೇ.

ಲಾರಿ ಪೂರ್ತಿ ನಿಲ್ಲುವ ಮೊದಲೇ ಬಟನ್ ಒತ್ತುವ ಆಪರೇಟರ್‌ಗಳ ಕಾಟ ಎಲ್ಲರಿಗೂ ಗೊತ್ತು. ಕೆಲವು ಇಂಡಿಕೇಟರ್ ತೂಕದ ಜೊತೆಗೆ "ಸ್ಥಿರ" ಅನ್ನೋ ಗುರುತನ್ನೂ ಕಳಿಸುತ್ತವೆ, ಅಲ್ಲಿ ಚಿಂತೆ ಇಲ್ಲ. ಕಳಿಸದೇ ಇರುವ ಕಡೆ ಮೂರು ಸೆಕೆಂಡ್ ಒಂದೇ ಅಂಕಿ ಬಂದರೆ ಮಾತ್ರ ತೂಕ ತಗೋ ಅಂತ ಬರೆದೆ. ಹಿಂದಿನ ಚಕ್ರ ಪ್ಲಾಟ್‌ಫಾರ್ಮ್ ಹೊರಗೇ ಉಳಿದಿದ್ದರೆ ನನ್ನ ಸಾಫ್ಟ್‌ವೇರ್ ಕ್ಯಾಮೆರಾ, ಸೆನ್ಸರ್ ಏನೂ ಇಲ್ಲದೇ ಹಿಡಿಯುತ್ತೆ. ಲಾರಿ ಹತ್ತುವಾಗ ತೂಕ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ ಅಲ್ವಾ, ಅದನ್ನು ಬಳಸಿದ್ದೇನೆ. ಇದಕ್ಕಿಂತ ಜಾಸ್ತಿ ಹೇಳಲ್ಲ. ನನ್ನ ಹೊಟ್ಟೆಪಾಡು ಅದರಲ್ಲೇ ಇದೆ.

ಹಳೇ ಲೆಕ್ಕ ತೆಗೆಯುವುದು ಬೇರೆ ಕಥೆ. ಲಿನಕ್ಸ್‌ನಲ್ಲಿ ಆಕ್ಸೆಸ್ ಫೈಲ್ ಓದಲು ಎಂಡಿಬಿ ಟೂಲ್ಸ್ ಅಂತ ಇದೆ, ಅದು ಓಪನ್ ಸೋರ್ಸ್. ಅದರಿಂದ ಟೇಬಲ್‌ಗಳನ್ನು ಹೊರಗೆಳೆದೆ. ಪಾಸ್‌ವರ್ಡ್ ಹೇಗೆ ದಾಟಿದೆ ಅಂತ ಕೇಳಬೇಡಿ. ಪ್ರತಿ ಮಿಲ್‌ನವರಿಂದ ಒಪ್ಪಿಗೆ ಬರೆಸಿಕೊಂಡೇ ಮುಟ್ಟಿದ್ದು. ತಲೆನೋವು ಕೊಟ್ಟದ್ದು ಕನ್ನಡ. ರೈತರ ಹೆಸರು, ಊರು ಎಲ್ಲ ಹಳೇ ಆಸ್ಕಿ ಫಾಂಟ್‌ನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಆಕಾರ ಕೂರಿಸಿದ್ದು. ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್‌ಗೆ ಬದಲಿಸಿದರೆ ಮರ್ಲಾನಹಳ್ಳಿ ಹೋಗಿ "ಮಲಾರ್ನಹಳ್ಳಿ" ಆಯಿತು. ಹಳೇ ಫಾಂಟ್‌ನಲ್ಲಿ ಅರ್ಕಾವೊತ್ತು ಅಕ್ಷರದ ಆಮೇಲೆ ಕೂರುತ್ತೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಮರ್ಲಾನಹಳ್ಳಿಯಿಂದ ನಮಗೆ ಬರುವ ಭತ್ತ ಕಡಿಮೆಯೇನಲ್ಲ, ಆರುನೂರಕ್ಕೂ ಜಾಸ್ತಿ ಎಂಟ್ರಿ. ಸರಿ ಮಾಡಲು ಹತ್ತು ದಿನ.

ಕನ್ನಡ ಅಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ತೂಕದ ಚೀಟಿ ಪೂರ್ತಿ ಕನ್ನಡದಲ್ಲಿ ಬರಬೇಕು ಅನ್ನೋ ಹುಚ್ಚು ಹಿಡಿಯಿತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ತನ್ನೊಳಗಿನ ಅಕ್ಷರಗಳನ್ನು ಪಟಪಟ ಹೊಡೆಯುತ್ತೆ, ಅದರೊಳಗೆ ಕನ್ನಡ ಇಲ್ಲ. ಚಿತ್ರ ಮಾಡಿ ಕಳಿಸಬೇಕು. ಕಳಿಸಿದೆ. ಅಕ್ಷರ ಚಂದ ಬಂತು, ಒಂದು ಚೀಟಿಗೆ 45 ಸೆಕೆಂಡ್. ಹೊರಗೆ ಟ್ರ್ಯಾಕ್ಟರ್ ಹಾರ್ನ್ ನಿಲ್ಲಲಿಲ್ಲ. ಲೇಸರ್ ಪ್ರಿಂಟರ್ ಇಡೋಣ ಅಂದರೆ ಮೂರು ಪ್ರತಿ ಕಾರ್ಬನ್ ಬೇಕು. ಕೊನೆಗೆ ರಾಜಿ ಮಾಡಿಕೊಂಡೆ. ತಲೆಬರಹ ಪ್ರೆಸ್‌ನಲ್ಲೇ ಅಚ್ಚು ಹಾಕಿಸಿದೆ, ರೈತರ ಹೆಸರು, ಊರು ಮಾತ್ರ ಚಿತ್ರವಾಗಿ ಕನ್ನಡದಲ್ಲಿ, ಅಂಕಿಗಳು ಮಾಮೂಲಿ. ಎಂಟೊಂಬತ್ತು ಸೆಕೆಂಡ್‌ನಲ್ಲಿ ಚೀಟಿ ಹೊರಗೆ. ಒಬ್ಬ ಅಜ್ಜ ಚೀಟಿ ಹಿಡಿದು ತನ್ನ ಹೆಸರನ್ನು ಜೋರಾಗಿ ಓದಿದ. ಆಮೇಲೆ ಮತ್ತೊಮ್ಮೆ ಓದಿದ.

ಮಷಿನ್ ವಿಷಯಕ್ಕೆ ಬಂದರೆ, ಮೊದಲು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಹಾಕಿದ್ದೆ. ಕರೆಂಟ್ ಹೋಗಿ ಬಂದು ಎಸ್‌ಡಿ ಕಾರ್ಡ್ ಎರಡು ಸಲ ಕೆಟ್ಟಿತು. ಬಿಟ್ಟುಬಿಟ್ಟೆ. ಈಗ ಸೆಕೆಂಡ್ ಹ್ಯಾಂಡ್ ಥಿನ್ ಕ್ಲೈಂಟ್ (ಆಫೀಸಿನ ಚಿಕ್ಕ ಕಂಪ್ಯೂಟರ್ ಪೆಟ್ಟಿಗೆ) ತರಿಸುತ್ತೇನೆ, ಒಂದಕ್ಕೆ ನಾಲ್ಕೂವರೆ ಸಾವಿರ. ಫ್ಯಾನ್ ಇಲ್ಲದ್ದು ನೋಡಿ ತಗೊಳ್ಳಿ. ಹೊಟ್ಟಿನ ಧೂಳು ಫ್ಯಾನ್ ಇರುವ ಯಾವ ಪೆಟ್ಟಿಗೆಯನ್ನೂ ಎರಡು ವರ್ಷ ಬಾಳಲು ಬಿಡಲ್ಲ. ಯುಎಸ್‌ಬಿ ಸೀರಿಯಲ್ ಕೇಬಲ್‌ನಲ್ಲಿ 150 ರೂಪಾಯಿಯದ್ದೂ ನಡೆಯುತ್ತೆ. ಆದರೆ ಅಂಥವಕ್ಕೆ ಸೀರಿಯಲ್ ನಂಬರ್ ಇರಲ್ಲ. ಎರಡು ಹಾಕಿದರೆ ಯಾವುದು ಕಾಟಾ, ಯಾವುದು ಹೊರಗಿನ ದೊಡ್ಡ ಡಿಸ್‌ಪ್ಲೇ ಅಂತ ಮಷಿನ್‌ಗೇ ತಿಳಿಯಲ್ಲ. ಯಾವ ತೂತಿಗೆ ಚುಚ್ಚಿದ್ದೀರಿ ಅನ್ನೋದರ ಮೇಲೆ ಗುರುತಿಸಿ. ಒಂದು ಸಲ ಡಿಸ್‌ಪ್ಲೇಯಿಂದ ತೂಕ ಓದಲು ಕೂತು ಅರ್ಧ ದಿನ ಕಳೆದಿದ್ದೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟ್ ಕೊಚ್ಚಿ ಹೋಯಿತು. ನೀರು ಹರಿದು ಹೋಗುತ್ತಿದ್ದರೆ ಈ ಕಡೆ ಯಾರಿಗೂ ನಿದ್ದೆ ಇಲ್ಲ. ಬೆಳೆಯೇ ಇಲ್ಲದಿದ್ದರೆ ಕಾಟಾ ಯಾರಿಗೆ ಬೇಕು? ಒಂದೇ ವಾರದಲ್ಲಿ ಸ್ಟಾಪ್‌ಲಾಗ್ (ತಾತ್ಕಾಲಿಕ ಉಕ್ಕಿನ ತಡೆ) ಇಳಿಸಿ ನೀರು ನಿಲ್ಲಿಸಿದರು, ಬೆಳೆ ಉಳಿಯಿತು. ನವೆಂಬರ್‌ನಲ್ಲಿ ಆ ಕಾರಟಗಿ ಸಾವ್ಕಾರ್ರ ಮಿಲ್‌ನಲ್ಲೇ ಮೊದಲು ಚಾಲೂ ಮಾಡಿದೆ. ಹಳೇದು ಒಂದು ಕಡೆ, ನನ್ನದು ಒಂದು ಕಡೆ, 300 ಗಾಡಿ ತೂಗಿ ತಾಳೆ ನೋಡಿದರು. ಎರಡು ಗಾಡಿಯಲ್ಲಿ ವ್ಯತ್ಯಾಸ ಬಂತು. ಎರಡರಲ್ಲೂ ತಪ್ಪು ಹಳೇದರದ್ದು. ಸಾವ್ಕಾರ್ರು ಏನೂ ಮಾತಾಡಲಿಲ್ಲ, ಚಹಾ ತರಿಸಿದರು.

ಲೆಕ್ಕ ಹೀಗೆ: ನನ್ನ ಕೈಯಿಂದ ಒಟ್ಟು ಒಂದು ಲಕ್ಷ ಹತ್ತು ಸಾವಿರದಷ್ಟು ಹೋಗಿದೆ, ಡಾಂಗಲ್ ಹುಚ್ಚೂ ಸೇರಿ. ಮಷಿನ್ ಬಿಟ್ಟು ಒಂದು ಮಿಲ್‌ಗೆ 15 ಸಾವಿರ ತಗೋತೀನಿ, ವರ್ಷಕ್ಕೆ ಸರ್ವಿಸ್ ನಾಲ್ಕು ಸಾವಿರ. ಕಂಪನಿ ಎಂಟು ಸಾವಿರ ತಗೋತಿತ್ತು.

ಹೋದ ವರ್ಷ ಜೂನ್‌ನಲ್ಲಿ ಕಂಪನಿಯಿಂದ ಮೇಲ್ ಬಂತು, ಜೊತೆಗೆ ಜಿಪ್ ಫೈಲ್. ಸೋರ್ಸ್ ಕೋಡ್! ಬಿಚ್ಚಿ ನೋಡಿದೆ. ರಿಪೋರ್ಟ್ ಕಂಟ್ರೋಲ್ ಇಲ್ಲ, ಡಾಂಗಲ್ ಫೈಲ್ ಇಲ್ಲ, ಲೈಸೆನ್ಸ್ ಅಂತ ಒಂದು ಸಾಲೂ ಇಲ್ಲ. ಕಂಪೈಲ್ ಆಗಲಿಲ್ಲ, ಅಂದರೆ ಅದರಿಂದ ಓಡುವ ಸಾಫ್ಟ್‌ವೇರ್ ತಯಾರಾಗಲಿಲ್ಲ. ತೂಕ ಓದುವ ಭಾಗ ಹುಡುಕಿದೆ. ಅಲ್ಲೂ ಅಂಕಿಗಳನ್ನು ತಿರುಗಿಸುವ ಒಂದು ಸಾಲಿತ್ತು. ಅದರ ಮೇಲೆ ಯಾರೋ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದರು, "ಯಾಕೆ ಅಂತ ಗೊತ್ತಿಲ್ಲ, ತೆಗೆಯಬೇಡಿ" ಅಂತ.

ಈಗ ಸಿರುಗುಪ್ಪದ ಒಬ್ಬ ಹುಡುಗ ವಾರಕ್ಕೊಂದು ಸಲ ಫೋನ್ ಮಾಡುತ್ತಾನೆ. "ಅಣ್ಣಾ, ನಿಮ್ ಕೋಡ್ ಯಾವಾಗ ಓಪನ್ ಮಾಡ್ತೀರಿ?" ಸ್ವಲ್ಪ ಕ್ಲೀನ್ ಮಾಡಬೇಕಪ್ಪ, ಮಿಲ್‌ಗಳ ಪಾಸ್‌ವರ್ಡ್ ಎಲ್ಲ ಒಳಗೇ ಇವೆ ಅಂದೆ. ಅವನು ಆ ಕಡೆ ನಕ್ಕ. ಸೀರಿಯಲ್ ಪೋರ್ಟ್ ಓದುವ ಭಾಗ, ಸುಮಾರು 200 ಸಾಲು, ಅವತ್ತೇ ಜಿಪಿಎಲ್ ಹಾಕಿ ಅವನಿಗೆ ಕಳಿಸಿದೆ. ಅರ್ಕಾವೊತ್ತು ಸರಿ ಮಾಡುವುದನ್ನೂ ಸೇರಿಸಿದ್ದೇನೆ. ಚಕ್ರ ಹಿಡಿಯುವ ಭಾಗ ಅದರಲ್ಲಿ ಇಲ್ಲ. ಮಿಕ್ಕದ್ದು ಮಾರ್ಚ್ ಒಳಗೆ ಅಂತ ಹೇಳಿದ್ದೇನೆ.