ಕಾರಿಗೆ ವೂಫರ್ ಹಾಕುವುದು: ಡಬ್ಬಕ್ಕಿಂತ ವೈರ್ ಮುಖ್ಯ

ಕಾರಿನ ಬಾಗಿಲಲ್ಲಿರುವ ಸ್ಪೀಕರ್‌ನಲ್ಲಿ ಹಾಡುವವರ ಗಂಟಲು ಚೆನ್ನಾಗಿ ಕೇಳುತ್ತದೆ. ಡೊಳ್ಳಿನ ಏಟು ಮಾತ್ರ ಎದೆಗೆ ಬಡಿಯುವುದಿಲ್ಲ. ಅದಕ್ಕೆ ತಗ್ಗು ಸದ್ದಿಗೆಂದೇ ಇರುವ ದೊಡ್ಡ ಸ್ಪೀಕರ್, ಅಂದರೆ ಸಬ್‌ವೂಫರ್ ಬೇಕು.

ಅಂಗಡಿಯಲ್ಲಿ ಡಬ್ಬದ ಮೇಲೆ ‘1200 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದು ಕ್ಷಣಮಾತ್ರದ ಲೆಕ್ಕ, ನಂಬಬೇಡಿ. ಪಕ್ಕದಲ್ಲಿ ಸಣ್ಣದಾಗಿ ಬರೆದ ಆರ್‌ಎಂಎಸ್, ಅಂದರೆ ಎಡೆಬಿಡದೆ ತಾಳುವ ವ್ಯಾಟ್ ನೋಡಿ. ಮನೆಮಂದಿ ಓಡಾಡುವ ಕಾರಿಗೆ 150ರಿಂದ 250 ವ್ಯಾಟ್ ಆರ್‌ಎಂಎಸ್ ಧಾರಾಳ. ಊರಿಂದ ಬರುವಾಗ ಅಕ್ಕಿ ಮೂಟೆ, ತೆಂಗಿನಕಾಯಿ ತುಂಬಿಕೊಂಡು ಬರುವವರು ಡಿಕ್ಕಿ ಮುಚ್ಚಿಹೋಗುವಂಥ ಬಾಕ್ಸ್ ತರಬೇಡಿ. ಸೀಟಿನ ಕೆಳಗೆ ಕೂರುವ, ಆಂಪ್ (ಸದ್ದಿಗೆ ಶಕ್ತಿ ತುಂಬುವ ಆಂಪ್ಲಿಫೈಯರ್) ಒಳಗೇ ಇರುವ ವೂಫರ್ ಸಾಕು. ಏಟು ಸ್ವಲ್ಪ ಕಮ್ಮಿ, ಅಷ್ಟೇ. ಸೀಟಿನಡಿ ಹಳದಿ ಕನೆಕ್ಟರ್ ಕಂಡರೆ ಮುಟ್ಟಲು ಹೋಗಬೇಡಿ, ಅದು ಏರ್‌ಬ್ಯಾಗ್‌ನದ್ದು.

ವೈರ್ ಎಳೆಯುವುದು

ಮೊದಲ ಕೆಲಸ, ಬ್ಯಾಟರಿಯ ಮೈನಸ್ ಬಿಚ್ಚಿ ಪಕ್ಕಕ್ಕೆ ಸರಿಸುವುದು. ಇಷ್ಟು ವ್ಯಾಟಿಗೆ 8 ಗೇಜ್ ತಾಮ್ರದ ವೈರ್ ಸಾಕು. ಕೊಳ್ಳುವ ಮುಂಚೆ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ.

ಬ್ಯಾಟರಿ ಪ್ಲಸ್‌ನಿಂದ ಒಂದೂವರೆ ಅಡಿಯೊಳಗೇ ಫ್ಯೂಸ್ ಬರಬೇಕು. ಎಷ್ಟು ಆಂಪಿಯರ್‌ನದ್ದು ಎಂಬುದು ಆಂಪ್‌ನ ಪುಸ್ತಕದಲ್ಲಿರುತ್ತದೆ. ಈ ಫ್ಯೂಸ್ ಇರುವುದು ಆಂಪ್ ಕಾಯಲಿಕ್ಕಲ್ಲ, ವೈರ್ ಕಾಯಲಿಕ್ಕೆ. ದಾರಿಯಲ್ಲಿ ಎಲ್ಲೋ ವೈರ್ ಸವೆದು ಕಾರಿನ ಲೋಹದ ಮೈಗೆ ತಾಗಿದರೆ ಫ್ಯೂಸ್ ಹಾರಬೇಕು. ಇಲ್ಲದಿದ್ದರೆ ವೈರೇ ಹೊತ್ತಿಕೊಳ್ಳುತ್ತದೆ. ಎಂಜಿನ್ ಕಡೆಯಿಂದ ಒಳಗೆ ತರುವಾಗಲೂ ಅಷ್ಟೇ, ರಬ್ಬರ್ ಬುಷ್ ಇಲ್ಲದ ತೂತಿನಲ್ಲಿ ವೈರ್ ತೂರಿಸಬೇಡಿ.

ಪವರ್ ವೈರ್ ಕಾರಿನ ಒಂದು ಬದಿಯಲ್ಲಿ ಹೋದರೆ ಹಾಡು ತರುವ ಆರ್‌ಸಿಎ ವೈರ್ ಇನ್ನೊಂದು ಬದಿಯಲ್ಲಿ ಹೋಗಲಿ. ಕಂಪನಿ ಸ್ಟೀರಿಯೊಗೆ ಆರ್‌ಸಿಎ ಔಟ್ ಇಲ್ಲದಿದ್ದರೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ಕೊಡಬಹುದು, ಆಂಪ್‌ಗೆ ಹೈ ಲೆವೆಲ್ ಇನ್‌ಪುಟ್ ಇರಬೇಕು. ವೈರ್ ಕತ್ತರಿಸದೆ ಕಪ್ಲರ್ (ಸಿಕ್ಕಿಸುವ ಜೋಡಣೆ) ಹಾಕಲು ಹೇಳಿ. ನಾಳೆ ವಾರಂಟಿ ತಕರಾರು ಬರದಿದ್ದರೆ ಒಳ್ಳೆಯದು ಅಲ್ವಾ?

ಗ್ರೌಂಡ್‌ನಲ್ಲಿ ಎಡವಿದ್ದು

ನನ್ನ ಕಾರಿನಲ್ಲಿ ಎಂಜಿನ್ ರೇಸ್ ಮಾಡಿದಂತೆಲ್ಲ ಸ್ಪೀಕರ್‌ನಲ್ಲಿ ‘ಕುಂಯ್ಯ್’ ಅನ್ನುವ ಸದ್ದು ಏರುತ್ತಿತ್ತು. ಸುಮ್ನೆ ಎರಡು ಸಲ ಆರ್‌ಸಿಎ ವೈರ್ ಬದಲಿಸಿದೆ. ಹೋಗಲಿಲ್ಲ. ಕೊನೆಗೆ ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿದರೆ ಗ್ರೌಂಡ್ ವೈರನ್ನು (ಆಂಪ್‌ನ ಮೈನಸ್ಸನ್ನು ಕಾರಿನ ಲೋಹಕ್ಕೆ ಸೇರಿಸುವ ವೈರ್) ಪೇಂಟ್ ಇದ್ದ ಜಾಗದಲ್ಲೇ ಬೋಲ್ಟಿಗೆ ಬಿಗಿದಿದ್ದರು. ರೂಪಾಯಿ ಅಗಲಕ್ಕೆ ಉಪ್ಪುಕಾಗದದಿಂದ ಉಜ್ಜಿದೆ, ಲೋಹ ಫಳಫಳ ಹೊಳೆಯುವ ತನಕ. ಮತ್ತೆ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದೆ. ಸದ್ದು ಮಾಯ. ಗ್ರೌಂಡ್ ವೈರ್ ಒಂದೂವರೆ ಅಡಿ ಮೀರದಿರಲಿ, ಪವರ್ ವೈರಿನಷ್ಟೇ ದಪ್ಪ ಇರಲಿ.

ಸದ್ದು ಹೊಂದಿಸುವುದು

ವೂಫರ್‌ಗೆ ತಗ್ಗು ಸದ್ದನ್ನು ಮಾತ್ರ ಬಿಡುವ ಲೋ ಪಾಸ್ ಫಿಲ್ಟರ್ 80 ಹರ್ಟ್ಸ್‌ಗೆ ಇಡಿ. ಗೇನ್ ಪೂರ್ತಿ ಇಳಿಸಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲು ಏರಿಸಿ, ಆಮೇಲೆ ಗೇನ್ ನಿಧಾನವಾಗಿ ತಿರುಗಿಸಿ. ಸದ್ದು ಒಡೆದಂತೆ ಕೇಳಿದ ಕೂಡಲೇ ಸ್ವಲ್ಪ ಹಿಂದಕ್ಕೆ. ಗೇನ್ ಅಂದರೆ ವಾಲ್ಯೂಮ್ ಅಲ್ಲ, ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು. ಅದನ್ನು ಜಾಸ್ತಿ ಮಾಡಿಯೇ ಎಷ್ಟೋ ವೂಫರ್ ಕಾಯಿಲ್ ಸುಟ್ಟುಹೋಗಿವೆ. ಫೇಸ್ ಸ್ವಿಚ್ಚನ್ನು 0, 180 ಎರಡರಲ್ಲೂ ಇಟ್ಟು ಕೇಳಿ, ಯಾವುದರಲ್ಲಿ ಏಟು ತುಂಬಿ ಬರುತ್ತದೋ ಅದೇ ಸರಿ.

ಆಮೇಲಿನ ಆರೈಕೆ

ಗುಂಡಿ ರಸ್ತೆಯ ಕುಲುಕಾಟಕ್ಕೆ ನಟ್ಟು ಸಡಿಲವಾಗುತ್ತವೆ. ಆರು ತಿಂಗಳಿಗೊಮ್ಮೆ ಬ್ಯಾಟರಿ, ಗ್ರೌಂಡ್, ಆಂಪ್ ಮೂರೂ ಕಡೆ ಬಿಗಿ ಮಾಡಿ. ಮಳೆಗಾಲದಲ್ಲಿ ಡಿಕ್ಕಿಯ ಕಾರ್ಪೆಟ್ ಒದ್ದೆಯಾಗಿದೆಯೇ ಮುಟ್ಟಿ ನೋಡಿ. ಆಂಪ್ ಮೇಲೆ ಬೆಡ್‌ಶೀಟ್, ಬ್ಯಾಗ್ ಹೇರಬೇಡಿ, ಬಿಸಿ ಹೋಗಲು ಜಾಗ ಬೇಕು. ಎಂಜಿನ್ ಆಫ್ ಮಾಡಿ ಗಂಟೆಗಟ್ಟಲೆ ಹಾಡು ಕೇಳಿದರೆ ಬೆಳಿಗ್ಗೆ ಕಾರು ತಳ್ಳಬೇಕಾದೀತು.

ಇನ್ನು ಬಾಸ್ ಬಂದಾಗಲೆಲ್ಲ ಹಿಂದಿನಿಂದ ‘ಗರ್‌ರ್’ ಅಂದರೆ ವೂಫರ್ ಹರಿದಿದೆ ಎಂದು ಅಂಗಡಿಗೆ ಓಡಬೇಡಿ. ಹಾಡು ಹಾಕಿಟ್ಟು, ಕೆಳಗಿಳಿದು, ಹಿಂದಿನ ನಂಬರ್ ಪ್ಲೇಟ್ ಮೇಲೆ ಕೈ ಒತ್ತಿ ಹಿಡಿಯಿರಿ. ಗರಗರ ನಿಂತರೆ ಎರಡು ತುಂಡು ಫೋಮ್ ಟೇಪಿನ ಖರ್ಚು, ಅಷ್ಟೇ.